ಬೀದಿ ನಾಯಿಗಳಿಗೆ ಶೆಲ್ಟರ್ ಮಾಡಿದರೆ ಮರಿ ಸಾಕುವವರು ಸಿಗುತ್ತಾರಾ?

ತುಮಕೂರು ಹತ್ತಿರ ಖಾಲಿ ಜಾಗ ಇದೆ, ಬೀದಿ ನಾಯಿಗಳಿಗೆ ಶೆಲ್ಟರ್ ಮಾಡಬೇಕು, ಮರಿಗಳನ್ನು ದತ್ತು ತಗೊಳ್ಳುವವರು ಸಿಗುತ್ತಾರಾ ಅಂತ ಕೇಳಿದ್ದೀರಿ. ಇದೇ ಊರಲ್ಲಿ ಈ ಕೆಲಸ ಮಾಡುತ್ತಿರುವುದರಿಂದ ಹೇಳುತ್ತೇನೆ. ಗಂಡು ಮರಿಗೆ ಸಿಗುತ್ತಾರೆ. ಹೆಣ್ಣು ಮರಿಗೆ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮ ಶೆಲ್ಟರ್ ತುಂಬಿಹೋಗುವುದೂ ಅಲ್ಲೇ.

ಮೋರಿ ಪಕ್ಕ ಯಾರೋ ಮರಿ ಬಿಟ್ಟು ಹೋಗಿದ್ದಾರೆ ಅಂತ ಫೋನ್ ಬರುತ್ತದೆ. ಹೋಗಿ ನೋಡಿದರೆ ರಟ್ಟಿನ ಡಬ್ಬದಲ್ಲಿ ಉಳಿದಿರುವುದೆಲ್ಲ ಹೆಣ್ಣು. ವಾಟ್ಸಾಪ್ ಸ್ಟೇಟಸ್‌ಗೆ ಫೋಟೋ ಹಾಕಿದರೆ ಹಾರ್ಟ್ ಕಳಿಸುವವರಿಗೆ ಬರವಿಲ್ಲ. ಫೋನ್ ಮಾಡುವವರ ಮೊದಲ ಪ್ರಶ್ನೆ, "ಗಂಡಾ, ಹೆಣ್ಣಾ?" ಎರಡನೆಯದು, "ಲ್ಯಾಬ್ರಡಾರ್ ಇಲ್ವಾ ಸಾರ್?" ಜನರ ಭಯವೂ ಸುಳ್ಳಲ್ಲ. ಆರು ತಿಂಗಳು ದಾಟಿದರೆ ಬೆದೆಗೆ ಬರುತ್ತದೆ, ಗೇಟ್ ಮುಂದೆ ಬೀದಿಯ ಗಂಡು ನಾಯಿಗಳೆಲ್ಲ ಬಂದು ಕೂರುತ್ತವೆ, ಗಬ್ಬ ಕಟ್ಟಿದ ಎರಡು ತಿಂಗಳಿಗೆ ಮರಿ. ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದರೆ ಇದ್ಯಾವುದೂ ಇಲ್ಲ. ಅದಕ್ಕೇ ನಾವು ಮೊದಲೇ ಹೇಳಿಬಿಡುತ್ತೇವೆ: ಆಪರೇಷನ್ ಖರ್ಚು ನಮ್ಮದು, ಕರೆದುಕೊಂಡು ಹೋಗಿ ಮಾಡಿಸಿ ತಂದು ಬಿಡುವುದೂ ನಮ್ಮದೇ. ಹೆಣ್ಣು ಬೇಡವೇ ಬೇಡ ಅಂದ ಮನೆಗಳು ಈ ಮಾತಿಗೆ ಒಪ್ಪಿವೆ. ಶೆಡ್ಡಿಗೆ ಹಾಕುವ ದುಡ್ಡನ್ನು ಇದಕ್ಕೆ ಎತ್ತಿಡಿ.

ನಮ್ಮ ಕಡೆ ತೋಟದವರೂ ನಾಯಿ ಕೇಳುತ್ತಾರೆ. ತೆಂಗಿನ ತೋಟದ ಕಾವಲಿಗೆ ಅಂತ ಗುಬ್ಬಿ, ಹೆಬ್ಬೂರು ಕಡೆಯಿಂದ ಬರುತ್ತಾರೆ. ನಾಟಿ ನಾಯಿಗೆ ಓಡಾಡಲು ಜಾಗ ಸಿಗುತ್ತದೆ, ಒಳ್ಳೆಯದೇ. ಆದರೆ ರಾತ್ರಿ ಎಲ್ಲಿ ಕಟ್ಟುತ್ತೀರಿ ಅಂತ ಕೇಳದೆ ಕೊಡಬೇಡಿ. ಆ ಸೀಮೆಯಲ್ಲಿ ಚಿರತೆ ಇದೆ. 2019-20ರಲ್ಲಿ ಮನುಷ್ಯರನ್ನೇ ಕೊಂದಿತ್ತು, ನೆನಪಿದೆ ಅಲ್ವಾ? ಚೈನ್ ಹಾಕಿ ಮರಕ್ಕೆ ಕಟ್ಟಿದ ನಾಯಿ ಅದಕ್ಕೆ ಬಡಿಸಿಟ್ಟ ಎಲೆ ಇದ್ದ ಹಾಗೆ. ಬಾಗಿಲಿರುವ ಗೂಡೋ ಕೊಟ್ಟಿಗೆಯೋ ಇದ್ದರೆ ಕೊಡಿ. "ಇಲ್ಲಿಗೆಲ್ಲಾ ಚಿರತೆ ಬರಲ್ಲ ಬಿಡಿ" ಅಂದರೆ ಪಕ್ಕದ ತೋಟದವರನ್ನೂ ಒಂದು ಮಾತು ಕೇಳಿ.

ಬಾಡಿಗೆ ಮನೆಯವರು ಕೇಳಿದರೆ ಓನರ್ ಹತ್ತಿರ ನೀವೇ ಮಾತಾಡಿ. "ಓನರ್ ಬೇಡ ಅಂದ್ರು" ಅಂತ ಮರಿ ವಾಪಸ್ ಬರುವುದು ಜಾಸ್ತಿ.

ಇನ್ನು ಶೆಲ್ಟರ್ ವಿಷಯ. ಊಟ ಹಾಕುವುದೇ ಕಷ್ಟ ಅಂದುಕೊಂಡಿರುತ್ತಾರೆ. ಅಕ್ಕಿ, ರಾಗಿ, ಚಿಕನ್ ಅಂಗಡಿಯಲ್ಲಿ ಮಿಕ್ಕಿದ್ದು, ಹೇಗೋ ಹೊಂದಿಸಬಹುದು. ಕಷ್ಟ ಕೊಡುವುದು ಪಾರ್ವೋ ಅನ್ನುವ ವೈರಸ್ ಕಾಯಿಲೆ. ಬೆಳಿಗ್ಗೆ ಚಪ್ಪಲಿ ಕಚ್ಚಿಕೊಂಡು ಆಡುತ್ತಿದ್ದ ಮರಿ ಸಂಜೆಗೆ ಮೂಲೆ ಸೇರುತ್ತದೆ. ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಗೊತ್ತಾದರೆ ಸಾಕು, ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಬಗ್ಗುವುದಿಲ್ಲ, ಬ್ಲೀಚಿಂಗ್ ನೀರೇ ಬೇಕು. ಮಣ್ಣಿನ ನೆಲಕ್ಕೆ ಅದನ್ನು ಹಾಕಿಯೂ ಪ್ರಯೋಜನ ಕಡಿಮೆ. 6-8 ವಾರಕ್ಕೆ ಮೊದಲ ಲಸಿಕೆ, ನಾಲ್ಕು ತಿಂಗಳಾಗುವ ತನಕ 3-4 ವಾರಕ್ಕೊಂದು, ಮೂರು ತಿಂಗಳಾದ ಮೇಲೆ ರೇಬಿಸ್‌ದು. ಇಷ್ಟು ಮುಗಿಯುವ ಮೊದಲೇ ದಿನಾ ಹೊಸ ಮರಿ ತಂದು ಒಂದೇ ಕಡೆ ಸೇರಿಸಿದರೆ ಒಂದರಿಂದ ಎಲ್ಲಕ್ಕೂ ಅಂಟುತ್ತದೆ. ನಾವು ಪರಿಚಯದವರ ಮನೆಗಳಲ್ಲಿ ಹಂಚಿ ಇಡುತ್ತೇವೆ. ಒಂದು ಮನೆಗೆ ಒಂದೇ ಸೂಲಿನ ಮರಿಗಳು.

ದೊಡ್ಡ ನಾಯಿಗಳನ್ನು ಒಯ್ಯುವವರು ಇಲ್ಲ ಅಂತಲೇ ಇಟ್ಟುಕೊಳ್ಳಿ. ಗಾಯ ವಾಸಿಯಾದ ಮೇಲೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಅದರ ಬೀದಿಗೇ ಬಿಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಇರುವುದೂ ಇದೇ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಮತ್ತೆ ಅಲ್ಲಿಗೇ ಬಿಡಬಾರದು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನೂ ಗಮನದಲ್ಲಿಟ್ಟುಕೊಳ್ಳಿ.

ಇಷ್ಟಾದರೂ ಶೆಲ್ಟರ್ ಮಾಡಲೇಬೇಕು ಅಂತಿದ್ದರೆ ಬೋರ್ಡ್ ಮಾತ್ರ ಹಾಕಬೇಡಿ. ರಾತ್ರಿ ಚೀಲದಲ್ಲಿ ಮರಿ ತಂದು ಗೇಟಿಗೆ ನೇತುಹಾಕಿ ಹೋಗುವವರು ಶುರುವಾಗುತ್ತಾರೆ. ನಿಮಗೆ ಮತ್ತು ಸಹಾಯಕ್ಕೆ ಬರುವವರಿಗೆ ರೇಬಿಸ್ ಚುಚ್ಚುಮದ್ದು ಮುಂಚೆಯೇ ಹಾಕಿಸಿ. ಹಾಕಿಸಿದ್ದರೂ ಕಚ್ಚಿದಾಗ 15 ನಿಮಿಷ ಸೋಪು ಹಚ್ಚಿ ನಲ್ಲಿ ಕೆಳಗೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.