ಸೊರಗಿದ ಟೊಮೆಟೊ ಮತ್ತು ಒಂದು ಗಾಜಿನ ಲೋಟ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಮಳೆ ಶುರುವಾದರೆ ನನ್ನ ಫೋನಿಗೆ ಬಾಡಿದ ಗಿಡಗಳ ಫೋಟೋ ಬರತೊಡಗುತ್ತವೆ. ಕೆಳಗೆ ಒಂದೇ ಸಾಲು: "ಯಾವ ಔಷಧಿ ಹೊಡೀಬೇಕು?" ಯಾವ ರೋಗ ಅಂತ ಕೇಳುವವರು ತೀರಾ ಕಡಿಮೆ. ಇದು ನನಗೆ ಬೇಸರ ತರಿಸುತ್ತದೆ. ಹಾಗಾಗಿ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತಿದ್ದೇನೆ.

ಮೇಡಂ, ನಮ್ಮದು ಮುಳಬಾಗಿಲು ಕಡೆ. ಟೊಮೆಟೊ ಕಾಯಿ ಕಟ್ಟುತ್ತಿತ್ತು. ಈಗ ಸಾಲಿನಲ್ಲಿ ಒಂದೊಂದೇ ಗಿಡ ಹಸಿರಾಗಿದ್ದ ಹಾಗೇ ಬಾಡುತ್ತಿದೆ. ಅಂಗಡಿಯವರು ಫಂಗಸ್ ಅಂದರು, ಬುಡಕ್ಕೆ ಔಷಧಿ ಹಾಕಿದೆ. ಆಮೇಲೆ ಆ್ಯಂಟಿಬಯೋಟಿಕ್ ಪುಡಿ ಕೊಟ್ಟರು. ನಲವತ್ತು ಗಿಡ ಹೋಗಿವೆ. ಮುಂದೇನು ಹಾಕಲಿ?

ಸದ್ಯ ಏನೂ ಹಾಕಬೇಡಿ. ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ತನ್ನಿ.

ಇವತ್ತು ಬಾಡಲು ಶುರುವಾದ ಗಿಡ ಆರಿಸಿಕೊಳ್ಳಿ. ಪೂರ್ತಿ ಒಣಗಿದ್ದು ಬೇಡ. ಮಣ್ಣು ತೊಳೆದು, ನೆಲಕ್ಕೆ ಹತ್ತಿರದ ಕಾಂಡವನ್ನು ಹರಿತವಾದ ಬ್ಲೇಡಿನಿಂದ ಒಂದು ಗೇಣು ಕತ್ತರಿಸಿ. ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಿರಿ. ಕೈ ಅಲ್ಲಾಡಿಸಬೇಡಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ತುದಿಯಿಂದ ಬಿಳಿ ನೂಲಿನಂತೆ ಏನೋ ಕೆಳಗಿಳಿದರೆ, ಅದು ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ನಿಮ್ಮ ಹೊಲಕ್ಕೆ ಬಂದಿರುವುದು ದುಂಡಾಣು ಸೊರಗು ರೋಗ. ರಾಲ್ಸ್ಟೋನಿಯಾ ಎನ್ನುವುದು ಆ ದುಂಡಾಣುವಿನ ಹೆಸರು.

ನೀರು ತಿಳಿಯಾಗಿಯೇ ಉಳಿದರೆ ಇನ್ನೊಂದೆರಡು ಗಿಡದಲ್ಲಿ ನೋಡಿ. ಆಗಲೂ ಇಲ್ಲವೆಂದರೆ ಬೇರೆ ಕಾರಣ ಹುಡುಕಬೇಕು. ಫಂಗಸ್ ಸೊರಗಿನಲ್ಲಿ ಸಾಮಾನ್ಯವಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಎಷ್ಟೋ ಸಲ ಗಿಡದ ಒಂದೇ ಮಗ್ಗುಲು ಹಳದಿಯಾಗುತ್ತದೆ, ಗಿಡ ನಿಧಾನವಾಗಿ ಸಾಯುತ್ತದೆ. ಬುಡದಲ್ಲಿ ಬಿಳಿ ಬೂಸ್ಟು, ಸಾಸಿವೆ ಕಾಳಿನಂಥ ಉಂಡೆಗಳಿದ್ದರೆ ಅದು ಬುಡ ಕೊಳೆ. ದುಂಡಾಣು ಹಾಗಲ್ಲ. ಬೇರಿನ ಗಾಯದಿಂದ ಒಳಗೆ ಹೋಗಿ, ನೀರು ಏರುವ ನಾಳಗಳನ್ನು ತನ್ನ ಅಂಟಿನಿಂದ ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಲೂ ಸಮಯ ಸಿಗುವುದಿಲ್ಲ. ಮೊದಲ ಒಂದೆರಡು ದಿನ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತದೆ. ಅದನ್ನು ನೋಡಿ ಎಷ್ಟೋ ಜನ ನೀರು ಸಾಲದು ಅಂದುಕೊಂಡು ಇನ್ನಷ್ಟು ನೀರು ಬಿಡುತ್ತಾರೆ. ಆ ನೀರೇ ರೋಗವನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ.

ಕಾಂಡ ಸೀಳಿ, ಒಳಗೆ ಕಂದು ಬಣ್ಣ ಕಂಡ ಕೂಡಲೇ ಫಂಗಸ್ ಅಂತ ತೀರ್ಮಾನಿಸುವವರಿದ್ದಾರೆ. ಇದು ತಪ್ಪು. ಎರಡೂ ರೋಗದಲ್ಲಿ ಒಳಗೆ ಕಂದು ಆಗುತ್ತದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆ ಹೇಳಿದ್ದೆ. ಆ ರೈತರು ನನ್ನ ಮಾತು ನಂಬಿ ಎರಡು ವಾರ ಔಷಧಿ ಹಾಕಿದರು, ನೀರೂ ಬಿಟ್ಟರು. ಕಾಲುವೆ ಉದ್ದಕ್ಕೂ ಗಿಡ ಹೋಯಿತು. ಅವತ್ತಿನಿಂದ ಫೋಟೋ ನೋಡಿ ನಾನು ರೋಗದ ಹೆಸರು ಹೇಳುವುದಿಲ್ಲ. ನೀವು ಎಷ್ಟು ಒತ್ತಾಯ ಮಾಡಿದರೂ ಹೇಳುವುದಿಲ್ಲ.

ಈಗ ಔಷಧಿ ವಿಷಯ. ಅಮೆರಿಕದ ವಿಜ್ಞಾನಿ ಅರ್ವಿನ್ ಸ್ಮಿತ್ ಈ ದುಂಡಾಣುವನ್ನು ಗುರುತಿಸಿ ಬರೆದದ್ದು 1896ರಲ್ಲಿ. ಇಷ್ಟು ವರ್ಷವಾದರೂ ಬಾಡಿದ ಗಿಡವನ್ನು ಎಬ್ಬಿಸುವ ಔಷಧಿ ಬಂದಿಲ್ಲ. ಅಂಗಡಿಯವರು ಕೊಟ್ಟ ಪುಡಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಮಿಶ್ರಣವಾದರೆ, ಅದನ್ನು ಮಾರಿದ್ದೇ ತಪ್ಪು. ಕೇಂದ್ರ ಸರ್ಕಾರದ 2021ರ ಆದೇಶದ ಪ್ರಕಾರ 2024ರ ಜನವರಿ 1ರಿಂದ ಅದನ್ನು ಬೆಳೆಗೆ ಬಳಸುವಂತಿಲ್ಲ. ಮನುಷ್ಯರ ಕ್ಯಾಪ್ಸೂಲ್ ಬಿಚ್ಚಿ ಡ್ರಿಪ್ಪಿಗೆ ಬಿಡುವವರಿಗೂ ಹೇಳುತ್ತೇನೆ, ದಯವಿಟ್ಟು ನಿಲ್ಲಿಸಿ. ಗಿಡ ಉಳಿಯುವುದಿಲ್ಲ. ಮಣ್ಣಿನಲ್ಲಿ ಔಷಧಿಗೆ ಬಗ್ಗದ ದುಂಡಾಣು ಬೆಳೆದರೆ, ನಾಳೆ ನಿಮ್ಮ ಮಗುವಿಗೆ ಸೋಂಕಾದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಇನ್ನು ಬೈಕಿನಲ್ಲಿ ಬಂದು ಚೀಟಿ ಇಲ್ಲದ ಬಾಟಲಿ ಮಾರುವವರನ್ನು ತೋಟದ ಒಳಗೇ ಬಿಡಬೇಡಿ.

ಮಾಡಬೇಕಾದದ್ದು ಇಷ್ಟು. ಬಾಡಿದ ಗಿಡವನ್ನು ಬೇರಿನ ಸುತ್ತಲಿನ ಮಣ್ಣಿನ ಸಮೇತ ಗೋಣಿಚೀಲಕ್ಕೆ ಹಾಕಿ ಹೊರಗೆ ಒಯ್ದು ಸುಡಿ. ಬದುವಿಗೆ, ಕಾಲುವೆಗೆ ಎಸೆಯಬೇಡಿ. ಆ ಭಾಗಕ್ಕೆ ನೀರು ಕಡಿಮೆ ಮಾಡಿ. ಕಳೆ ಕೀಳುವುದು, ಮಣ್ಣು ಏರಿಸುವುದು ಅಲ್ಲಿ ಬೇಡ, ಬೇರಿಗೆ ಗಾಯವಾಗುತ್ತದೆ. ಕಿತ್ತ ಗಿಡದ ಬೇರಿನಲ್ಲಿ ಗಂಟುಗಳಿವೆಯಾ ನೋಡಿ. ಬೇರುಗಂಟಿನ ಜಂತು ಇದ್ದರೆ ಅದೇ ದುಂಡಾಣುವಿಗೆ ಬಾಗಿಲು ತೆರೆದುಕೊಟ್ಟಿರುತ್ತದೆ. ಮುಂದಿನ ಬೆಳೆಗೆ ಅಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂ, ಆಲೂಗಡ್ಡೆ ಯಾವುದೂ ಬೇಡ. ಶುಂಠಿಯೂ ಬೇಡ. ರಾಗಿ ಅಥವಾ ಜೋಳ ಹಾಕಿ. ಮತ್ತೆ ಟೊಮೆಟೊ ಹಾಕುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ರೋಗ ತಡೆಯುವ ತಳಿ, ಇಲ್ಲವೇ ರೋಗ ತಡೆಯುವ ಬದನೆ ಬೇರಿನ ಮೇಲೆ ಕಸಿ ಮಾಡಿದ ಸಸಿ ತನ್ನಿ.

ಅನುಮಾನ ಉಳಿದರೆ ಕೋಲಾರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅರ್ಧ ಬಾಡಿದ ಇಡೀ ಗಿಡವನ್ನು ಬೇರಿನ ಸಮೇತ ನ್ಯೂಸ್ ಪೇಪರಿನಲ್ಲಿ ಸುತ್ತಿ ಅವತ್ತೇ ಒಯ್ಯಿರಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ದಾರಿಯಲ್ಲೇ ಕೊಳೆಯುತ್ತದೆ. ಆಮೇಲೆ ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದು ಕೊಳೆಸುವ ದುಂಡಾಣುಗಳೇ. ಒಳ್ಳೆಯ ಮಾದರಿ ಸಿಕ್ಕರೆ ಟೆಟ್ರಾಜೋಲಿಯಂ ಎಂಬ ರಾಸಾಯನಿಕ ಹಾಕಿದ, ದುಂಡಾಣು ಬೆಳೆಸುವ ಮಾಧ್ಯಮದಲ್ಲಿ ಸುಮಾರು ಎರಡು ದಿನಕ್ಕೆ, ನಡುವೆ ಗುಲಾಬಿ ಬಣ್ಣದ ಬಿಳಿ ಲೋಳೆ ಚುಕ್ಕಿಗಳು ಕಾಣುತ್ತವೆ. ಖಚಿತ ಮಾಡಿಕೊಳ್ಳಲು, ದುಂಡಾಣುವಿನ ಡಿಎನ್‌ಎ ಗುರುತಿಸುವ ಪಿಸಿಆರ್ ಪರೀಕ್ಷೆ ಇದೆ.

ಎಲೆಕೋಸಿನ ಬೀಜ ಉಪ್ಪುನೀರಿನಲ್ಲಿ ಮುಳುಗಿದರೆ ಕಪ್ಪು ಕೊಳೆ ರೋಗ ಇಲ್ಲ ಅಂತಾರೆ. ನಿಜವಾ?

ಸುಳ್ಳು. ಉಪ್ಪುನೀರು ಜೊಳ್ಳನ್ನು ಬೇರೆ ಮಾಡುತ್ತದೆ, ಅಷ್ಟೇ. ರೋಗ ಇರುವ ಬೀಜವೂ ಗಟ್ಟಿಯಾಗಿ, ಹೊಳೆಯುತ್ತಾ ಇರಬಹುದು. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ವಿಧಾನದಲ್ಲಿ ಇದಕ್ಕೆ 30,000 ಬೀಜ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಸಾವಿರಾರು ಬೀಜದಲ್ಲಿ ಒಂದೆರಡರಲ್ಲಿ ರೋಗ ಇದ್ದರೂ ಸಸಿಮಡಿಗೆ ಹರಡಲು ಸಾಕು. ನಿಮ್ಮ ಕೈಲಾಗುವುದು ಬಿಸಿನೀರಿನ ಉಪಚಾರ: 50 ಡಿಗ್ರಿ ಸೆಲ್ಸಿಯಸ್, 25 ನಿಮಿಷ, ಥರ್ಮಾಮೀಟರ್ ಇಟ್ಟುಕೊಂಡು. ಕೈ ಅದ್ದಿ ಬಿಸಿ ಅಳೆಯುವುದಾದರೆ ಮಾಡಲೇಬೇಡಿ, ಬೀಜ ಸಾಯುತ್ತದೆ. ಬಣ್ಣ, ಔಷಧಿ ಲೇಪಿಸಿದ ಬೀಜಕ್ಕೂ ಬೇಡ. ಎಲೆ ಅಂಚಿನಿಂದ ಒಳಕ್ಕೆ 'ವಿ' ಆಕಾರದ ಹಳದಿ, ಅದರೊಳಗೆ ಕಪ್ಪು ನರ ಕಂಡರೆ ಆ ಸಸಿ ನಾಟಿ ಮಾಡಬೇಡಿ.

ದಾಳಿಂಬೆ ಎಲೆ ಮೇಲೆ ಎಣ್ಣೆ ಹನಿಯಂಥ ಚುಕ್ಕಿ ಬಂದಿದೆ. ಮಜ್ಜಿಗೆಗೆ ಇಂಗು ಕಲಸಿ ಹೊಡೆದರೆ ಹೋಗುತ್ತಾ?

ಹೋಗುವುದಿಲ್ಲ. ಆ ಎಲೆ, ರೆಂಬೆ ಕತ್ತರಿಸಿ ಸುಡಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ ತೊಳೆಯಿರಿ.

ಗಂಗಾವತಿ ಹತ್ತಿರ ಭತ್ತ ಹಾಕಿದ್ದೇವೆ. ಎಲೆ ತುದಿಯಿಂದ ಒಣಗುತ್ತಿದೆ. ಯೂರಿಯಾ ಕೊಡಲಾ?

ಬೇಡ. ನಾಳೆ ಬೆಳಿಗ್ಗೆ ಇಬ್ಬನಿ ಆರುವ ಮೊದಲು ಗದ್ದೆಗೆ ಹೋಗಿ. ಎಲೆ ಅಂಚಿನಲ್ಲಿ ಹಳದಿ ಅಂಟು ಹನಿ ಇದ್ದರೆ ಅದು ದುಂಡಾಣು ಅಂಗಮಾರಿ. ಯೂರಿಯಾ ಕೊಟ್ಟಷ್ಟೂ ಅದು ಹೆಚ್ಚುತ್ತದೆ. ನಿಂತ ನೀರು ಬಸಿಯಿರಿ, ಆದರೆ ಆ ನೀರನ್ನು ಕೆಳಗಿನವರ ಗದ್ದೆಗೆ ಬಿಡಬೇಡಿ.