ಓದುಗರ ಪ್ರಶ್ನೆ: ಒಳಹೊಕ್ಕು ನೋಡಲಾಗದ ಸರ್ಕಾರಿ ಕ್ಲೌಡ್‌ಗೆ ಸಾಫ್ಟ್‌ವೇರ್ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ದತ್ತಾಂಶ ವಿಶ್ಲೇಷಣೆಯ ವೇದಿಕೆ ಕಟ್ಟುವ ತಂಡದಲ್ಲಿದ್ದೇನೆ. ಅಮೆಜಾನ್‌ನ ಸಾಮಾನ್ಯ ಕ್ಲೌಡ್‌ನಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ. ಈಗ ಅದನ್ನು ಅಮೆರಿಕದ ಸರ್ಕಾರಿ ಇಲಾಖೆಗಳಿಗಾಗಿ ಅಮೆಜಾನ್‌ನದೇ ಪ್ರತ್ಯೇಕ ವಲಯವಾದ ಗವ್‌ಕ್ಲೌಡ್‌ಗೆ ಒಯ್ಯಬೇಕಾಗಿದೆ. ಅದೇ ಕೋಡನ್ನು ಅಲ್ಲಿ ಸ್ಥಾಪಿಸಿದರೆ ಸಾಲದೆ? ಆ ಸರ್ವರ್‌ಗಳಿಗೆ ನನಗೆ ಪ್ರವೇಶ ಇರುವುದಿಲ್ಲ ಎನ್ನುತ್ತಾರೆ. ಹಾಗಾದರೆ ತೊಂದರೆ ಬಂದಾಗ ಸರಿಪಡಿಸುವುದು ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಲದು. ಕೋಡ್ ಅದೇ ಇರಬಹುದು, ಇರುವುದೇ ಒಳ್ಳೆಯದು. ಆದರೆ ಅದನ್ನು ಬರೆಯುವಾಗ ತಾವು ಗಮನಿಸದೆಯೇ ನಂಬಿಕೊಂಡಿದ್ದ ಹಲವು ಸಂಗತಿಗಳು ಅಲ್ಲಿ ನಿಜವಾಗಿರುವುದಿಲ್ಲ. ತೊಂದರೆಯಾದಾಗ ಬರೆದವರೇ ಒಳಹೊಕ್ಕು ನೋಡಬಹುದೆಂಬುದು ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ನಂಬಿಕೆ.

2011ರಲ್ಲಿ ಆರಂಭವಾದ ಗವ್‌ಕ್ಲೌಡನ್ನು ಅಮೆರಿಕದ ನೆಲದಲ್ಲಿ ಅಮೆರಿಕದ ಪೌರರೇ ನಡೆಸುತ್ತಾರೆ. ಅಲ್ಲಿ ಖಾತೆ ತೆರೆಯುವವರು ಆ ದೇಶದ ಪೌರರೋ ಗ್ರೀನ್ ಕಾರ್ಡ್ ಉಳ್ಳವರೋ ಆಗಿರಬೇಕು. ರಕ್ಷಣಾ ಸಾಮಗ್ರಿಯ ರಫ್ತನ್ನು ನಿಯಂತ್ರಿಸುವ ಐಟಾರ್ ನಿಯಮಗಳಿಗೆ ಒಳಪಟ್ಟ ತಾಂತ್ರಿಕ ಮಾಹಿತಿಯನ್ನು ಅನುಮತಿಯಿಲ್ಲದೆ ವಿದೇಶೀಯರೊಬ್ಬರಿಗೆ ತೋರಿಸಿದರೂ ಅದು ರಫ್ತೆಂದೇ ಎಣಿಕೆಯಾಗುತ್ತದೆ. ಆದ್ದರಿಂದ ವಿಡಿಯೊ ಕರೆಯಲ್ಲಿ "ಸ್ವಲ್ಪ ಸ್ಕ್ರೀನ್ ತೋರಿಸಿ" ಎಂದು ಅಲ್ಲಿನ ಸಹೋದ್ಯೋಗಿಯನ್ನು ಕೇಳುವುದು, ಎಷ್ಟೇ ಸದುದ್ದೇಶದ್ದಾದರೂ, ಅವರನ್ನು ಕಾನೂನಿನ ತೊಡಕಿಗೆ ಸಿಲುಕಿಸಬಲ್ಲದು. ದಯವಿಟ್ಟು ಹಾಗೆ ಕೇಳಬೇಡಿ.

ಹಾಗಿರುವಾಗ ನಿಮ್ಮ ವೇದಿಕೆ ತನಗೇನಾಗಿದೆ ಎಂಬುದನ್ನು ತಾನೇ ಹೇಳುವಂತಿರಬೇಕು, ಅದೂ ಒಳಗಿನ ದತ್ತಾಂಶದ ಒಂದು ತುಣುಕನ್ನೂ ಹೊರಗೆ ಬಿಡದೆ. ವಿಶ್ಲೇಷಣಾ ವೇದಿಕೆಗಳಲ್ಲಿ ಇದು ಕಷ್ಟದ ಕೆಲಸ, ಏಕೆಂದರೆ ಬಳಕೆದಾರರು ಬರೆದ ಎಸ್‌ಕ್ಯೂಎಲ್ ಕ್ವೆರಿಯ (ದತ್ತಾಂಶವನ್ನು ಕೇಳುವ ಆದೇಶದ) ಒಳಗೇ ವ್ಯಕ್ತಿಯ ಹೆಸರೋ ಗುರುತಿನ ಸಂಖ್ಯೆಯೋ ಇರಬಹುದು, ಮತ್ತು ಕ್ವೆರಿ ವಿಫಲವಾದಾಗ ಅದನ್ನು ಇಡಿಯಾಗಿ ಲಾಗ್‌ಗೆ, ಅಂದರೆ ನಡೆದದ್ದನ್ನು ದಾಖಲಿಸುವ ಕಡತಕ್ಕೆ, ಬರೆಯುವುದು ನಮ್ಮೆಲ್ಲರ ಅಭ್ಯಾಸ. ಕಡತಗಳ ಮತ್ತು ಟೇಬಲ್‌ಗಳ ಹೆಸರುಗಳೂ ಒಮ್ಮೊಮ್ಮೆ ಗುಟ್ಟನ್ನು ಹೇಳಿಬಿಡುತ್ತವೆ. ಆದ್ದರಿಂದ ಕ್ವೆರಿಯೊಳಗಿನ ಮೌಲ್ಯಗಳನ್ನು ಅಳಿಸಿ ಅದರ ರಚನೆಯನ್ನಷ್ಟೇ ಉಳಿಸಿಕೊಳ್ಳುವುದು, ಪ್ರತಿ ದೋಷಕ್ಕೂ ಬದಲಾಗದ ಒಂದು ಸಂಖ್ಯೆ ಕೊಡುವುದು, ಹೊರಗೆ ಕಳುಹಿಸುವ ಪ್ರತಿ ಲಾಗನ್ನೂ ಅಲ್ಲಿನ ಅಧಿಕೃತ ಎಂಜಿನಿಯರ್ ಓದಿ ಒಪ್ಪುವ ವ್ಯವಸ್ಥೆ ಮಾಡುವುದು, ಇವೆಲ್ಲ ವಿನ್ಯಾಸದ ಹಂತದಲ್ಲೇ ಆಗಬೇಕು. ನನ್ನ ಸಲಹೆಯೆಂದರೆ, ಸಾಮಾನ್ಯ ಕ್ಲೌಡ್‌ನಲ್ಲಿಯೇ ಬೇಕೆಂದು ದೋಷಗಳನ್ನು ಹುಟ್ಟಿಸಿ, ಆ ಭಾಗದ ಕೋಡನ್ನು ಬರೆಯದ ಸಹೋದ್ಯೋಗಿಯೊಬ್ಬರಿಗೆ ಲಾಗ್ ಮತ್ತು ಕೈಪಿಡಿ ಇಷ್ಟನ್ನೇ ಕೊಟ್ಟು, ಅವರು ಸರಿಪಡಿಸಬಲ್ಲರೇ ಎಂದು ನೋಡಿ. ಅವರಿಗೆ ಆಗದಿದ್ದರೆ ಗವ್‌ಕ್ಲೌಡ್‌ನಲ್ಲಿ ಕುಳಿತವರಿಗೂ ಆಗುವುದಿಲ್ಲ.

ಇನ್ನು ಕೋಡ್‌ನ ವಿಷಯ. ಗವ್‌ಕ್ಲೌಡ್ ಸಾಮಾನ್ಯ ಕ್ಲೌಡ್‌ನಿಂದ ಪೂರ್ತಿ ಬೇರೆಯಾದ ವಿಭಾಗವಾದ್ದರಿಂದ ಇಲ್ಲಿನ ಲಾಗಿನ್ ಗುರುತು ಅಲ್ಲಿ ನಡೆಯುವುದಿಲ್ಲ, ಅಲ್ಲಿನ ಸಂಪನ್ಮೂಲಗಳ ವಿಳಾಸವೂ ಬೇರೆ ಪೂರ್ವಪದದಿಂದ ಆರಂಭವಾಗುತ್ತದೆ. ಆ ಪೂರ್ವಪದವನ್ನು ಕೋಡ್‌ನಲ್ಲಿ ನೇರವಾಗಿ ಬರೆದಿಟ್ಟಿದ್ದರೆ ಅಲ್ಲೆಲ್ಲ ಮುರಿಯುತ್ತದೆ.

ಎನ್‌ಕ್ರಿಪ್ಷನ್ ಇನ್ನೂ ಸೂಕ್ಷ್ಮ. ಉತ್ತಮ ಅಲ್ಗಾರಿದಮ್ ಬಳಸುತ್ತೇವೆ ಎಂದರೆ ಸಾಲದು. ನೀವು ಬಳಸುವ ಎನ್‌ಕ್ರಿಪ್ಷನ್ ಮಾಡ್ಯೂಲ್‌ಗೇ ಅಮೆರಿಕ ಸರ್ಕಾರದ ಫಿಪ್ಸ್ 140 ಮಾನದಂಡದ ಪ್ರಮಾಣಪತ್ರ ಇರಬೇಕು. ಫಿಪ್ಸ್ ಸ್ಥಿತಿಯಲ್ಲಿ ನಡೆಯುವ ಯಂತ್ರಗಳಲ್ಲಿ, ದತ್ತಾಂಶದಿಂದ ಚಿಕ್ಕದೊಂದು ಗುರುತನ್ನು ಲೆಕ್ಕಹಾಕುವ ಹಳೆಯ ವಿಧಾನವಾದ ಎಂಡಿ5 ಸಾಮಾನ್ಯವಾಗಿ ನಿಷಿದ್ಧ. ಭದ್ರತೆಗೆ ಸಂಬಂಧವೇ ಇಲ್ಲದೆ, ಒಂದೇ ಸಾಲು ಎರಡು ಬಾರಿ ಬಂದಿದೆಯೇ ಎಂದು ಪತ್ತೆಹಚ್ಚಲು ನೀವು ಅದನ್ನು ಬಳಸಿದ್ದರೂ ಕ್ವೆರಿ ಅಲ್ಲಿಗೇ ನಿಲ್ಲಬಹುದು. ಇಂಥವನ್ನು ಈಗಲೇ ಹುಡುಕಿ.

ನಿಮ್ಮ ವೇದಿಕೆ ಹೊರಗಿನ ಯಾವ ಯಾವ ಸೇವೆಗಳೊಡನೆ ಮಾತಾಡುತ್ತದೆ ಎಂಬ ಪೂರ್ಣ ಪಟ್ಟಿಯೂ ಬೇಕು. ಲೈಸೆನ್ಸ್ ಪರಿಶೀಲನೆ, ದೋಷವರದಿಯ ಸೇವೆ, ನಕ್ಷೆಯ ಚಿತ್ರಗಳು, ಸ್ಥಾಪನೆಯ ವೇಳೆ ಅಂತರ್ಜಾಲದಿಂದ ಇಳಿಸಿಕೊಳ್ಳುವ ಪ್ಯಾಕೇಜ್‌ಗಳು ಎಲ್ಲವೂ ಆ ಪಟ್ಟಿಯಲ್ಲಿರಲಿ. ಗವ್‌ಕ್ಲೌಡ್‌ನಲ್ಲಿ ಇವುಗಳಲ್ಲಿ ಕೆಲವಕ್ಕೆ ಅನುಮತಿ ದೊರೆಯಬಹುದು. ಆದರೆ ಅಮೆರಿಕದ ಗುಪ್ತಚರ ಇಲಾಖೆಗಳಿಗಾಗಿ 2014ರಿಂದ ಇರುವ ಅಮೆಜಾನ್‌ನ ಅತಿಗೌಪ್ಯ ವಲಯ ಅಂತರ್ಜಾಲದಿಂದ ಸಂಪೂರ್ಣ ಬೇರ್ಪಟ್ಟಿದೆ; ಅಂಥಲ್ಲಿ ಬೇಕಾದ್ದನ್ನೆಲ್ಲ ಕಟ್ಟಿಕೊಂಡೇ ಒಳಗೆ ಹೋಗಬೇಕು. ಮುಂದೊಂದು ದಿನ ಅಲ್ಲಿಗೂ ಹೋಗುವ ಯೋಚನೆಯಿದ್ದರೆ, ಹೊರಗಿನ ನಂಟಿಲ್ಲದೆ ಸ್ಥಾಪಿಸಬಹುದಾದ ರೂಪವನ್ನು ಈಗಿನಿಂದಲೇ ಸಿದ್ಧಪಡಿಸಿ.

ಅಮೆರಿಕದ ಸರ್ಕಾರಿ ಇಲಾಖೆಗಳಿಗೆ ಕ್ಲೌಡ್ ಸೇವೆ ಕೊಡಲು ಬೇಕಾದ ಅನುಮತಿಯ ಪ್ರಕ್ರಿಯೆಯ ಹೆಸರು ಫೆಡ್‌ರ್ಯಾಂಪ್. ಅದರ ಐದನೆಯ ಪರಿಷ್ಕರಣೆಯಲ್ಲಿ ಮಧ್ಯಮ ಮಟ್ಟಕ್ಕೆ 323, ಉನ್ನತ ಮಟ್ಟಕ್ಕೆ 410 ನಿಯಂತ್ರಣಗಳು, ಅಂದರೆ ಪಾಲಿಸಬೇಕಾದ ಭದ್ರತಾ ಷರತ್ತುಗಳು, ಇವೆ. ಇದು ಒಮ್ಮೆ ಮುಗಿಯುವ ಪರೀಕ್ಷೆಯಲ್ಲ: ಪತ್ತೆಯಾದ ತೀವ್ರ ಭದ್ರತಾ ದೋಷಗಳನ್ನು 30 ದಿನಗಳೊಳಗೆ, ಮಧ್ಯಮದವನ್ನು 90 ದಿನಗಳೊಳಗೆ ಸರಿಪಡಿಸಬೇಕೆಂಬ ನಿಯಮದಡಿ ಕೆಲಸ ಮುಂದುವರಿಯುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುವ ತಂಡಕ್ಕೆ ಈ ಗಡುವು ಪಾಲಿಸುವುದು ಕಷ್ಟ.

ಪ್ರಶ್ನೆ: ಇಂಥ ನಿರ್ಬಂಧಗಳು ಭಾರತದ ಸರ್ಕಾರಿ ಕ್ಲೌಡ್‌ಗೂ ಇವೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇವೆ, ರೂಪ ಬೇರೆ. ಕೇಂದ್ರ ಸರ್ಕಾರದ ಮೇಘರಾಜ್ ಯೋಜನೆಯಡಿ 2014ರಲ್ಲಿ ರಾಷ್ಟ್ರೀಯ ಕ್ಲೌಡ್ ಆರಂಭವಾಯಿತು. ಖಾಸಗಿ ಕ್ಲೌಡ್ ಸಂಸ್ಥೆಗಳು ಇಲಾಖೆಗಳಿಗೆ ಸೇವೆ ಕೊಡಬೇಕಾದರೆ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಪಟ್ಟಿಗೆ ಸೇರಿ, ಅದರದೇ ಗುಣಮಟ್ಟ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪರಿಶೋಧನೆಗೆ ಒಳಗಾಗಬೇಕು, ದತ್ತಾಂಶವನ್ನು ದೇಶದೊಳಗೇ ಇಡಬೇಕು. ಇದರ ಜೊತೆಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು 180 ದಿನಗಳ ಲಾಗ್‌ಗಳನ್ನು ಕಾಪಾಡಿಕೊಳ್ಳಬೇಕು. ಮೇಲಿನ ಉತ್ತರದಲ್ಲಿ ಹೇಳಿದಂತೆ ಲಾಗ್‌ಗಳಿಂದ ದತ್ತಾಂಶವನ್ನು ದೂರವಿಡುವ ಶಿಸ್ತು ಇಲ್ಲಿಯೂ ಅಷ್ಟೇ ಅಗತ್ಯ, ಏಕೆಂದರೆ ಆರು ತಿಂಗಳ ಕಾಲ ಉಳಿಯುವ ಲಾಗ್‌ನಲ್ಲಿ ಫಲಾನುಭವಿಗಳ ಹೆಸರುಗಳಿದ್ದರೆ ಆ ಲಾಗ್ ಕೂಡ ಕಾಪಾಡಬೇಕಾದ ವೈಯಕ್ತಿಕ ದತ್ತಾಂಶವೇ ಆಗುತ್ತದೆ.