ಸಂಪಾದಕರ ಉತ್ತರ: ಬವೇರಿಯಾದಲ್ಲಿ ನಕ್ಷತ್ರ ಹಾಕಂಗಿಲ್ಲ

ಮ್ಯೂನಿಕ್‌ನಿಂದ ಬರೆದಿರೋ ಓದುಗರಿಗೆ ನಮಸ್ಕಾರ. ಉಳಿದವರಿಗೋಸ್ಕರ ನಿಮ್ಮ ಪತ್ರದ ಸಾರ ಹೇಳಿಬಿಡ್ತೀನಿ. ನಿಮ್ಮ ಕಂಪನಿ ಮೇಲ್‌ಗಳಲ್ಲಿ ಜರ್ಮನ್ ಪದಗಳ ಮಧ್ಯೆ ನಕ್ಷತ್ರ (* ಚಿಹ್ನೆ) ಹಾಕಿ ಬರೀತಾರೆ, ಮಗಳ ಸರ್ಕಾರಿ ಸ್ಕೂಲಿನ ನೋಟಿಸಲ್ಲಿ ಮಾತ್ರ ಅದಕ್ಕೆ ನಿಷೇಧ, "ಸರ್ಕಾರ ಭಾಷೆಯಿಂದ ಹೆಂಗಸರನ್ನೇ ಅಳಿಸ್ತಿದೆಯಾ? ನಮ್ಮ ಕನ್ನಡದಲ್ಲಿ ಈ ರಗಳೆ ಇಲ್ಲ ಅಲ್ವಾ?" ಅಂತ ಕೇಳಿದೀರ.

ಅಳಿಸ್ತಿಲ್ಲ. ಜರ್ಮನ್‌ನಲ್ಲಿ ಮೇಷ್ಟ್ರಿಗೆ ಲೇರರ್, ಟೀಚರಮ್ಮನಿಗೆ ಲೇರರಿನ್. ಇಬ್ಬರನ್ನೂ ಸೇರಿಸಿ, ಇವೆರಡೂ ಅಲ್ಲದವರಿಗೂ ಜಾಗ ಬಿಟ್ಟು ಬರೆಯೋಕೆ ಅಂತ "ಲೇರರ್*ಇನ್" ಥರ ನಡುವೆ ನಕ್ಷತ್ರ, ಕೋಲನ್, ಅಂಡರ್‌ಸ್ಕೋರ್ ಹಾಕೋ ಅಭ್ಯಾಸ ಬಂತು. 2024ರ ಮಾರ್ಚಲ್ಲಿ ಮುಖ್ಯಮಂತ್ರಿ ಮಾರ್ಕಸ್ ಜೋಡರ್ ಅವರ ಬವೇರಿಯಾ (ಮ್ಯೂನಿಕ್ ಇರೋ ಜರ್ಮನ್ ರಾಜ್ಯ) ಸರ್ಕಾರ ಆಡಳಿತ ನಿಯಮ ತಿದ್ದಿ ಏಪ್ರಿಲ್ 1ರಿಂದ ಸರ್ಕಾರಿ ಕಚೇರಿ, ಸ್ಕೂಲು, ಯೂನಿವರ್ಸಿಟಿಗಳ ಅಧಿಕೃತ ಬರವಣಿಗೆಯಲ್ಲಿ ಈ ಚಿಹ್ನೆಗಳು ಬೇಡ ಅಂತು. "ಟೀಚರಮ್ಮಂದಿರು ಮತ್ತು ಮೇಷ್ಟ್ರುಗಳು" ಅಂತ ಎರಡೂ ಬಿಡಿಸಿ ಬರೆದ್ರೆ ಯಾರೂ ಕೇಳಲ್ಲ. ಫ್ರಾನ್ಸಲ್ಲೂ ಹೆಚ್ಚುಕಮ್ಮಿ ಇದೇ ಕತೆ, 2021ರಲ್ಲಿ ಶಿಕ್ಷಣ ಸಚಿವರು ಸ್ಕೂಲಲ್ಲಿ ಪದದ ಮಧ್ಯದ ಚುಕ್ಕಿ ಬೇಡ ಅಂದ್ರು, ಆದ್ರೆ ಮಹಿಳಾ ಅಧಿಕಾರಿಗಳ ಹುದ್ದೆಗೆ ಸ್ತ್ರೀಲಿಂಗ ರೂಪ ಬಳಸಿ ಅಂತ 2017ರಲ್ಲಿ ಅಲ್ಲಿನ ಪ್ರಧಾನಿ ಹೊರಡಿಸಿದ ಸುತ್ತೋಲೆಯಲ್ಲೇ ಇತ್ತು.

ಸರ್ಕಾರದ ಕಡೆ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಕಚೇರಿ ಪತ್ರ ಒಂದೇ ಥರ ಇರಲಿ ಅನ್ನೋದು ಮಾಮೂಲಿ ಮಾತು, ಜರ್ಮನ್ ಕಾಗುಣಿತ ನೋಡ್ಕೊಳ್ಳೋ ಮಂಡಳಿ ಕೂಡ ಈ ಚಿಹ್ನೆಗಳನ್ನ ಇನ್ನೂ ನಿಯಮದೊಳಗೆ ತಗೊಂಡಿಲ್ಲ, ಕಣ್ಣು ಕಾಣದವರ ಸಂಘಟನೆನೂ ಬರಹ ಓದಿ ಹೇಳೋ ಸಾಫ್ಟ್‌ವೇರ್ ಆದ ಸ್ಕ್ರೀನ್ ರೀಡರ್‌ಗೆ ತೊಡಕು ಅಂತ ಆದಷ್ಟು ಚಿಹ್ನೆ ಬಿಟ್ಟೇ ಬರೀರಿ ಅನ್ನುತ್ತೆ. ಇದು ನಕ್ಷತ್ರದ ಪರ ಇರೋರು ಅಷ್ಟಾಗಿ ಬಾಯಿಬಿಡದ ವಿಷಯ.

ನನಗೆ ಮುಳ್ಳು ಚುಚ್ಚೋದು ಇನ್ನೊಂದು ಕಡೆ. 2017ರಲ್ಲಿ ಜರ್ಮನಿಯ ಸಂವಿಧಾನ ಕೋರ್ಟು ಹೇಳಿದ ಮೇಲೆ 2018ರ ಕೊನೆಗೆ ಅದೇ ದೇಶದ ಕಾನೂನು ಜನನ ದಾಖಲೆಯಲ್ಲಿ ಗಂಡು ಹೆಣ್ಣಿನ ಜೊತೆ ಮೂರನೇ ಕಾಲಂ ಒಪ್ಕೊಂಡಿದೆ. ದಾಖಲೆಯಲ್ಲಿ ನೀವಿದೀರಾ ಅಂತ ಒಪ್ಪಿ, ಪತ್ರದಲ್ಲಿ ನಿಮ್ಮನ್ನ ಸೂಚಿಸೋಕೆ ಜನ ಕಂಡುಕೊಂಡ ಗುರುತು ಮಾತ್ರ ಬೇಡ ಅಂದ್ರೆ, ಬದಲಿಗೆ ಏನು ಬರೀಬೇಕು ಅಂತನೂ ಹೇಳಬೇಕಲ್ವಾ? "ಬೋಧಿಸುವವರು" ಅನ್ನೋ ಥರದ ಲಿಂಗ ಇಲ್ಲದ ಪದ ಬಳಸಬಹುದು ಸರಿ, ಆದ್ರೆ ಎಲ್ಲ ಕೆಲಸಕ್ಕೂ ಅಂಥ ಪದ ಸಿಗಲ್ಲ. ಮತ್ತೆ ಜೋಡರ್ ಸಾಹೇಬರು ಕಡ್ಡಾಯ ಬೇಡ ಅಂತ ಶುರುಮಾಡಿ ತಾವೇ ಒಂದು ಕಡ್ಡಾಯ ತಂದಿದಾರೆ, ಇದನ್ನ ನೋಡಿ ನಗು ಬರುತ್ತೆ. ಕಚೇರಿ ಪತ್ರಕ್ಕೆ ರೂಲ್ ಇರಲಿ, ಮಕ್ಕಳು ಬರೆಯೋ ಪ್ರಬಂಧದ ಹಿಂದೆ ಕ್ಯಾಬಿನೆಟ್ ಬೀಳೋದು ಬೇಡ ಅನ್ನೋದು ನನ್ನ ಅಭಿಪ್ರಾಯ, ಅದನ್ನ ಪಾಠ ಮಾಡೋರಿಗೆ ಬಿಡಲಿ.

ಇನ್ನು ಕನ್ನಡ. ಸ್ವಲ್ಪ ನಿಜ, "ಬಂದರು" ಅಂದ್ರೆ ಸಾಕು, ಬಹುವಚನ ನಮ್ಮ ಮರ್ಯಾದೆ ಉಳಿಸುತ್ತೆ. ಆದ್ರೆ ನಮ್ಮ ಅರ್ಜಿ ಫಾರಂಗಳಲ್ಲಿ "ಅರ್ಜಿದಾರನು ಸಲ್ಲಿಸತಕ್ಕದ್ದು" ಇನ್ನೂ ಹೋಗಿಲ್ಲ, ಅಂಗನವಾಡಿ ಅಂದ್ರೆ "ಕಾರ್ಯಕರ್ತೆ"ನೇ, ಅಲ್ಲಿ ಗಂಡಸು ಕೆಲಸ ಮಾಡಬಹುದು ಅನ್ನೋ ಯೋಚನೆ ಪದದಲ್ಲೇ ಇಲ್ಲ. ಬ್ರಿಟಿಷರ 1897ರ ಜನರಲ್ ಕ್ಲಾಸಸ್ ಆಕ್ಟ್ ಪುಲ್ಲಿಂಗದಲ್ಲಿ ಹೇಳಿದ್ದು ಹೆಂಗಸರಿಗೂ ಅನ್ವಯ ಅಂತ ಒಂದೇ ಸಾಲಲ್ಲಿ ಮುಗಿಸಿತ್ತು, 2023ರ ಭಾರತೀಯ ನ್ಯಾಯ ಸಂಹಿತೆಯ ಅಂಥದ್ದೇ ಸಾಲಲ್ಲಿ ಟ್ರಾನ್ಸ್‌ಜೆಂಡರ್‌ಗಳನ್ನೂ ಸೇರಿಸಿದ್ರು, ಆದ್ರೆ ಬರೆಯೋ ಪದ ಇವತ್ತಿಗೂ "ಅವನು" ಅನ್ನೋದೇ. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇ. 1 ಮೀಸಲಾತಿ ಕೊಟ್ಟಿದೆ, ಕಚೇರಿ ಕನ್ನಡ ಅವರನ್ನ ಹೆಂಗೆ ಕರೆಯುತ್ತೆ ಅಂತ ಯಾರಾದ್ರೂ ಕೂತು ಯೋಚಿಸಿದ್ರೆ ಒಳ್ಳೇದು.

ನಿಮ್ಮ ಕಂಪನಿ ಖಾಸಗಿ, ಅಲ್ಲಿಗೆ ಈ ನಿಯಮ ತಾಗಲ್ಲ, ಬೇಕಾದಷ್ಟು ನಕ್ಷತ್ರ ಹಾಕೊಳ್ಳಿ. ಮಗಳು ಪರೀಕ್ಷೆಯಲ್ಲಿ ಎರಡೂ ಪದ ಬಿಡಿಸಿ ಬರೀಲಿ, ನಕ್ಷತ್ರ ಹಾಕಿದ್ರೆ ಮಾರ್ಕ್ಸ್ ಹೋಗುತ್ತಾ ಅಂತ ಜರ್ಮನ್ ಟೀಚರನ್ನೇ ಮೊದಲು ಕೇಳ್ಕೊಳ್ಳಲಿ, ಏನಂದ್ರು ಅಂತ ನಮಗೂ ಬರೀರಿ.